ತೂಬಿನ ಬಾಯಿಯ ಬಲೆ

ಉಮಾಕಾಂತ ಹರಿಕಂತ್ರ ಮೊದಲ ದಿನ ರಮಾಳನ್ನು ಕೇಳಿದ್ದೇ ತೂಬಿನ ವಿಷಯ. "ಈ ಚಕ್ರ ಎಷ್ಟು ಸುತ್ತು ತಿರುಗಿಸಿದ್ರೆ ಕೆರೆ ನೀರು ಹೊರಗೆ ಬರ್ತದೆ?" ಅಂದಿದ್ದ. ಎಂಟು ತಿಂಗಳ ಹಿಂದಿನ ಮಾತು. ಆಗ ಅವಳಿಗೆ ಅದರಲ್ಲಿ ಏನೂ ಕಂಡಿರಲಿಲ್ಲ. ಈಗ ಅದೇ ಮಾತು ಚುಚ್ಚುತ್ತಿತ್ತು.

ಹೊನ್ನಿಕೆರೆ ಹಳೇಬೀಡಿನಿಂದ ನಾಲ್ಕು ಮೈಲಿ. ಏರಿಯ ಕೆಳಗೆ ನಲವತ್ತು ಮನೆ, ಅದರಾಚೆ ಗದ್ದೆ. ಬೇಲೂರಿನಿಂದ ಬಂದ ಸೊಸೆಯನ್ನೇ ಮೊಮ್ಮಕ್ಕಳಾಗುವವರೆಗೂ "ಆಚೆಯೋಳು" ಅನ್ನುವ ಊರು ಅದು. ಹೊನ್ನಾವರದ ಸಮುದ್ರದ ದಡದಿಂದ ಕೆರೆಯ ಮೀನಿನ ಗುತ್ತಿಗೆ ಹಿಡಿದು ಬಂದು, ಏರಿಯ ಮೇಲೆ ತಗಡಿನ ಶೆಡ್ ಹಾಕಿಕೊಂಡವನನ್ನು ಸುಮ್ಮನೆ ಬಿಟ್ಟೀತೆ? ಅವನು ಬೆಳಿಗ್ಗೆಯೇ ಮೀನು ತಿಂದರೂ ಅನುಮಾನ, ತೆಪ್ಪದ ಜೊತೆ ಮಾತಾಡಿದರೂ ಅನುಮಾನ. ಕೆರೆ ನೀರು ಬಿಡುವ ನೀರಗಂಟಿ ಗಂಗಯ್ಯನ ಮಗಳು ರಮಾಳ ಹತ್ತಿರ ನಿಂತು ನಕ್ಕರಂತೂ ಊರಿಗೆ ಊರೇ ಕಿವಿ ನೆಟ್ಟಗೆ ಮಾಡುತ್ತಿತ್ತು.

ಊರಿನ ಅನುಮಾನಕ್ಕೆ ಕಾರಣವಿರಲಿಲ್ಲ ಅನ್ನುವಂತಿಲ್ಲ. ಕೆರೆ ತುಂಬಿದ್ದರೆ ಮೀನು ಕೈಗೆ ಸಿಗುವುದಿಲ್ಲ. ನೀರು ಇಳಿದರೆ ಬಾಚಿಕೊಳ್ಳಬಹುದು. ಎರಡು ವರ್ಷದ ಹಿಂದಿನ ಗುತ್ತಿಗೆದಾರ ಗಂಗಯ್ಯನಿಗೆ ಎರಡು ಬಾಟಲಿ ಕುಡಿಸಿ ತೂಬು ತೆಗೆಸಿದ್ದ. ಮೀನು ಅವನಿಗಾಯಿತು, ಭತ್ತ ಅರ್ಧ ಒಣಗಿತು. ಗಂಗಯ್ಯ ಆಮೇಲೆ ಊರೊಳಗೆ ತಲೆಯೆತ್ತಿ ನಡೆಯಲಿಲ್ಲ. ಅವನ ಮೊಣಕಾಲು ಊದಿಕೊಂಡ ಮೇಲೆ ತೂಬಿನ ಬೀಗದ ಕೈ ರಮಾಳ ಸೊಂಟಕ್ಕೆ ಬಂತು. ಅಪ್ಪನ ಹೆಸರನ್ನು ತೊಳೆದು ಒಣಗಿಸುವ ಕೆಲಸವೂ ಅವಳದೇ ಆಯಿತು.

ಇಷ್ಟೆಲ್ಲ ಗೊತ್ತಿದ್ದೂ ಅವಳು ಅವನನ್ನು ಪ್ರೀತಿಸಿದ್ದಳು. ಅವನು ಅವಳಿಗೆ ಬೀಸುಬಲೆ ಎಸೆಯುವುದನ್ನು ಕಲಿಸಿದ. ಅವಳು ಅವನಿಗೆ ಮುದ್ದೆ ಅಗಿಯದೆ ನುಂಗುವುದನ್ನು ಕಲಿಸಿದಳು. ಹತ್ತು ದಿನದ ಹಿಂದೆ ಅವನು "ನಿನ್ನ ಅಪ್ಪನ್ನ ಕೇಳ್ಲಾ?" ಅಂದಾಗ, "ಕುಯ್ಲು ಮುಗೀಲಿ" ಅಂದಿದ್ದಳು. ಅವಳ ಮೂವತ್ತು ವರ್ಷದಲ್ಲಿ ಅಷ್ಟು ಸಂತೋಷದ ದಿನ ಇನ್ನೊಂದಿರಲಿಲ್ಲ.

ಅಂಥವನು ಇವತ್ತು ಹೊತ್ತು ಹುಟ್ಟುತ್ತಲೇ ಬಾಗಿಲಿಗೆ ಬಂದು, "ಏರಿ ಬುಡದಲ್ಲಿ ನೀರು ಕೆಂಪಗೆ ಬರ್ತಾ ಅದೆ. ತೂಬು ತೆಗಿ ರಮಾ. ಕೆರೆ ಅರ್ಧಕ್ಕೆ ಇಳೀಬೇಕು," ಅಂದ.

ರಮಾ ಹೆದರಿದ್ದು ಏರಿಗಲ್ಲ, ಅವನಿಗೆ.

ಅವಳು ಚೊಂಬು ತೆಗೆದುಕೊಂಡು ಏರಿಯ ಬುಡಕ್ಕೆ ಹೋದಳು. ಹುಣಸೆಮರದ ಹತ್ತಿರ ಮೊದಲಿನಿಂದಲೂ ನೀರು ಜಿನುಗುತ್ತಿತ್ತು. ಇವತ್ತು ಧಾರೆ ಬೆರಳು ಗಾತ್ರ ಇತ್ತು. ಚೊಂಬಿನಲ್ಲಿ ಹಿಡಿದು ಮನೆಗೆ ತಂದು ಅಪ್ಪನ ಮುಂದಿಟ್ಟಳು. ಸ್ವಲ್ಪ ಹೊತ್ತಿಗೆ ತಳದಲ್ಲಿ ಕೆಂಪು ಮಣ್ಣು ಕೂತಿತು.

"ತಿಳಿ ನೀರಾದ್ರೆ ಏರಿ ಬೆವರ್ತಾ ಐತೆ ಅಂತ ಅರ್ಥ," ಅಂದ ಗಂಗಯ್ಯ. "ಮಣ್ಣು ಬಂದ್ರೆ ಒಳಗೆ ಕೊರೀತಾ ಐತೆ, ಏರಿ ಒಡೀಬೋದು. ಆದ್ರೆ ಮಣ್ಣನ್ನ ಯಾರು ಬೇಕಾದ್ರೂ ಕಲಕ್ಬೋದು ಕಣವ್ವ. ನಂಗೆ ಒಂದ್ಸಲ ಬುದ್ಧಿ ಬಂದದೆ."

ಅಷ್ಟರಲ್ಲಿ ಸುದ್ದಿ ತಿಳಿದು ಹನುಮಂತಯ್ಯ ಬಂದ. ಕೆರೆಯ ಕೆಳಗೆ ಎಲ್ಲರಿಗಿಂತ ಹೆಚ್ಚು ಗದ್ದೆ ಅವನದು, ಮಾತೂ ಎಲ್ಲರಿಗಿಂತ ಹೆಚ್ಚು. "ಭತ್ತ ಹೊಡೆ ಕಟ್ಟೈತೆ. ಈಗ ಕೆರೆ ಬಸಿದ್ರೆ ನಾವು ಜೊಳ್ಳು ತಿನ್ಬೇಕಾ? ಅಪ್ಪನಿಗೆ ಬಾಟ್ಲಿ ತೋರ್ಸಿದ್ರು, ಮಗಳಿಗೆ ಹಲ್ಲು ತೋರ್ಸವ್ನೆ. ಚಕ್ರ ಮುಟ್ಟಿ ನೋಡು, ಬೀಗದ ಕೈ ನಾಳೆ ಇನ್ನೊಬ್ಬರ ಸೊಂಟದಲ್ಲಿರ್ತದೆ."

ರಮಾಳಿಗೆ ಸಿಟ್ಟು ಬಂತು. ಅವನು ಹೇಳಿದ್ದು ಸುಳ್ಳಾಗಿದ್ದರೆ ಅಷ್ಟು ಸಿಟ್ಟು ಬರುತ್ತಿರಲಿಲ್ಲ. ಅವಳ ಮನಸ್ಸೂ ಬೆಳಗಿನಿಂದ ಅದನ್ನೇ ಹೇಳುತ್ತಿತ್ತು. ಉಮಾಕಾಂತ ಮೆಚ್ಚಿದ್ದು ನನ್ನನ್ನೋ, ಸೊಂಟದ ಬೀಗದ ಕೈಯನ್ನೋ?

ತಿಳಿಯುವುದಕ್ಕೆ ಒಂದು ದಾರಿ ಇತ್ತು. ತೂಬು ತೆಗೆದರೆ ನೀರಿನ ಜೊತೆ ಮೀನೂ ಕಾಲುವೆಗೆ ಹೊರಟುಹೋಗುತ್ತದೆ. ಹಾಗಾಗಿ ತೂಬಿನ ಹೊರಬಾಯಿಗೆ ಗುತ್ತಿಗೆದಾರರು ಬಲೆ ಕಟ್ಟಿರುತ್ತಾರೆ. ಕೆರೆ ಬಸಿಸಿ ಮೀನು ಹೊಡೆಯುವ ಲೆಕ್ಕಾಚಾರ ಇದ್ದವನು ಬಲೆಯನ್ನು ಮರೆಯುವುದಿಲ್ಲ. ರಮಾ ಕಾಲುವೆಗೆ ಇಳಿದು, ಮಂಡಿಯುದ್ದ ನೀರಿನಲ್ಲಿ ಬಗ್ಗಿ, ತೂಬಿನ ಬಾಯಿಯೊಳಗೆ ಭುಜದವರೆಗೂ ಕೈ ಹಾಕಿದಳು.

ಬಲೆ ಇರಲಿಲ್ಲ. ಕಬ್ಬಿಣದ ಕೊಂಡಿಗಳಿಗೆ ನೈಲಾನ್ ಹಗ್ಗದ ತುಂಡುಗಳು ನೇತಾಡುತ್ತಿದ್ದವು. ತುದಿಗಳು ಹೊಸದಾಗಿ ಕೊಯ್ದಂತೆ ಚೂಪಾಗಿದ್ದವು.

ಅವಳು ಮೇಲೆ ಹತ್ತಿ, ಬೀಗ ತೆಗೆದು, ಚಕ್ರ ತಿರುಗಿಸಿದಳು. ಹಿಂದೆಯೇ ಬಂದ ಹನುಮಂತಯ್ಯ ಬಯ್ಯುತ್ತಲೇ ಇದ್ದ. ಅವಳು ಇಪ್ಪತ್ತೆರಡು ಸುತ್ತು ತಿರುಗಿಸುವ ತನಕ ನಿಲ್ಲಲಿಲ್ಲ.

ನೀರು ಧೋ ಎಂದು ಕಾಲುವೆಗೆ ನುಗ್ಗಿತು. ಹಿಂದೆಯೇ ಕಾಟ್ಲಾ, ರೋಹು, ಮೊಳದುದ್ದದ ಮೀನುಗಳು. ಬಯ್ಯಲು ಬಂದ ಹೆಂಗಸರು ಸೆರಗು ಸಿಕ್ಕಿಸಿಕೊಂಡು ಪುಟ್ಟಿ ಹಿಡಿದು ಕಾಲುವೆಗೆ ಇಳಿದರು. ಮಧ್ಯಾಹ್ನದ ಹೊತ್ತಿಗೆ ಕೆರೆ ಮೂರಡಿ ಇಳಿದು, ಏರಿಯ ಒಳಮೈಯಲ್ಲಿ ಒಂದು ಬಿಲ ಬಾಯಿ ಬಿಟ್ಟುಕೊಂಡು ಕಾಣಿಸಿತು. ಬಿಂದಿಗೆ ಹಿಡಿಸುವಷ್ಟು ಅಗಲ. ನೋಡಿದ ಗಂಡಸರು ಹುಲ್ಲು, ಜೇಡಿಮಣ್ಣು ಹೊತ್ತು ತಂದು ತುಳಿದು ತುಂಬಿದರು. ಹನುಮಂತಯ್ಯನೂ ಹತ್ತು ಮಂಕರಿ ಹೊತ್ತ. ಹೊತ್ತು, ಮೈ ಒರೆಸಿಕೊಂಡು, "ಆದ್ರೂ ಅವನಿಗೆ ಮೊದ್ಲೇ ಹೆಂಗೆ ಗೊತ್ತಾಯ್ತು?" ಅಂದ.

ಉಮಾಕಾಂತ ಶೆಡ್ಡಿನ ಮುಂದೆ ಕೂತು, ತನ್ನ ವರ್ಷದ ದುಡಿಮೆ ಊರಿನವರ ಪುಟ್ಟಿ ಸೇರುವುದನ್ನು ನೋಡುತ್ತಿದ್ದ. ರಮಾ ಹೋಗಿ ಪಕ್ಕದಲ್ಲಿ ಕೂತಳು.

"ತೂಬಿನ ಬಾಯಿಗೆ ಕೈ ಹಾಕಿ ನೋಡಿದೆ ಅಲ್ದಾ?" ಅಂದ ಅವನು.

"ನೋಡಿದೆ." ಸುಳ್ಳು ಹೇಳುವ ಮನಸ್ಸಾಗಲಿಲ್ಲ. ನಾಚಿಕೆಯಿಂದ ಅವಳ ಮುಖ ಸುಡುತ್ತಿತ್ತು.

"ನಿನ್ನೆ ತನಕ ಬಲೆ ಇತ್ತು. ನಿನ್ನ ಬಾಗಿಲಿಗೆ ಬರೋ ಮೊದಲು ಕೊಯ್ದು ಹಾಕಿದೆ. ನೀನು ನೋಡ್ತಿ ಅಂತ ಗೊತ್ತಿತ್ತು." ಆಮೇಲೆ ಕೇಳಿದ: "ಬಲೆ ಇದ್ದಿದ್ರೆ ತೂಬು ತೆಗೀತಿರ್ಲಿಲ್ವಾ?"

"ತೆಗೀತಿದ್ದೆ. ಚೊಂಬಿನ ತಳದಲ್ಲಿ ಮಣ್ಣು ಕಂಡಿದ್ದೆ. ಮನೆಗಳು ಕೆಳಗಿದ್ದಾವೆ, ಅನುಮಾನ ಇದ್ರೂ ತೆಗೀಲೇಬೇಕು," ಅಂದಳು ರಮಾ. "ನಿಮ್ಮನ್ನ ಬಿಟ್ಬಿಡ್ತಿದ್ದೆ, ಅಷ್ಟೆ."

ಉಮಾಕಾಂತ ಅವಳ ಕಡೆ ತಿರುಗಿದ.

"ಹಂಗಾದ್ರೆ ಮೀನು ಹೋಗಿದ್ದೇ ಒಳ್ಳೇದಾಯ್ತು ಬಿಡು," ಅಂದ.