ತಿದ್ದದ ಮೃತ್ಯುಪತ್ರ

ದೇವಪ್ಪನ ದಿನಕರ್ಮ ಮುಗಿದ ಮರುದಿನ ಮಗ ಮಾಂತೇಶ ಚಹಾ ಕುಡಿಯುತ್ತಲೇ ತಂಗಿಯ ಮುಂದೆ ಅಪ್ಪನ ಮೃತ್ಯುಪತ್ರದ ಝೆರಾಕ್ಸ್ ಇಟ್ಟ.

"ಮನಿ ನನ್ನ ಹೆಸರಿಗೆ ಐತಿ. ಅವಸರ ಏನಿಲ್ಲ, ಬ್ಯಾರೆ ಖೋಲಿ ಸಿಗೂತನಾ ಇಲ್ಲೇ ಇರು," ಅಂದ.

ದ್ರಾಕ್ಷಾಯಿಣಿ ಓದಿದಳು. ಅವಳ ಮದುವೆಯಾದ ವರ್ಷ ಬರೆಸಿದ್ದು. ಮಗಳನ್ನು ಬಾದಾಮಿಗೆ ಕೊಟ್ಟಾಗಿದೆ, ಕೊಡಬೇಕಾದ್ದೆಲ್ಲ ಕೊಟ್ಟಾಗಿದೆ, ಗೋವಾದ ಸಾಂಗೆಯಲ್ಲಿರುವ ತಗಡಿನ ಮನೆ ಮಗನಿಗೆ. ಆ ಹೊತ್ತಿಗೆ ಅದು ನಿಜವೇ ಆಗಿತ್ತು. ಆಮೇಲೆ ಗಂಡ ಬೇರೊಬ್ಬಳನ್ನು ಕಟ್ಟಿಕೊಂಡು ಇವಳನ್ನು ಹೊರಹಾಕಿದ. ಇವಳು ತವರಿಗೆ ಬಂದಳು. ಅಪ್ಪ ದುಡಿಯುತ್ತಿದ್ದ ಗಣಿ ಬಂದ್ ಆಗಿ ಕೆಲಸ ಹೋಯಿತು, ಹಿಂದೆಯೇ ಲಕ್ವಾ ಹೊಡೆದು ಅವನು ಹಾಸಿಗೆ ಹಿಡಿದ. ಮಾಂತೇಶ ದಾಬೋಲಿಮ್‌ನಲ್ಲಿ ಟ್ಯಾಕ್ಸಿ ಓಡಿಸುತ್ತ ಅಲ್ಲೇ ಸಂಸಾರ ಹೂಡಿದ್ದ. ಚೌತಿಗೊಮ್ಮೆ ಮುಖ ತೋರಿಸುತ್ತಿದ್ದ. ಗೇರುಬೀಜದ ಕಾರ್ಖಾನೆಯಲ್ಲಿ ಬೀಜ ಒಡೆದು, ಸಿಪ್ಪೆಯ ಎಣ್ಣೆಗೆ ಕಪ್ಪಾಗಿ ಸುಲಿದ ಬೆರಳುಗಳಿಂದಲೇ ದ್ರಾಕ್ಷಾಯಿಣಿ ಅಪ್ಪನಿಗೆ ತುತ್ತು ಕೊಟ್ಟಳು. ತಗಡು ತೆಗೆಸಿ, ಗೋಡೆ ಎಬ್ಬಿಸಿ, ಸ್ಲ್ಯಾಬ್ ಹಾಕಿಸಿದವಳೂ ಅವಳೇ.

"ಈ ಸ್ಲ್ಯಾಬ್ ಯಾರು ಹಾಕಿಸಿದ್ರು, ಯಣ್ಣಾ?"

"ನಾ ಇಲ್ಲ ಅಂದ್ನೇನು? ಕಾಗದದಾಗ ಹೆಂಗೈತಿ ಹಂಗ ನಡೀಬೇಕಲ್ಲ."

"ಕಾಗದ ಅಪ್ಪನ ಕುಂಡಿ ತೊಳೀಲಿಲ್ಲ!"

ಮಾಂತೇಶ ಚಹಾ ಅರ್ಧಕ್ಕೇ ಬಿಟ್ಟು ಹೋದ.

ಅಪ್ಪ ಮರೆತಿರಬೇಕು ಎಂದುಕೊಂಡಳು ದ್ರಾಕ್ಷಾಯಿಣಿ. ಅವಳ ಸಿಟ್ಟೆಲ್ಲ ಅಣ್ಣನ ಮೇಲಿತ್ತು. ಪಕ್ಕದ ಮನೆಯ ಮೌಲಾಸಾಬ ಅಪ್ಪನ ಹಳೆಯ ಗೆಳೆಯ, ರಿಕ್ಷಾ ಓಡಿಸುವವ. ಅವನ ಬಳಿಗೆ ಹೋದಳು.

"ಕಾಕಾ, ಅಪ್ಪಗ ನೆನಪಿದ್ದಿದ್ರ ತಿದ್ದಿಸ್ತಿದ್ದ ಅಂತ ವಕೀಲರ ಮುಂದ ಒಂದು ಮಾತು ಹೇಳ್ರಿ."

ಮೌಲಾಸಾಬ ತಲೆ ತಗ್ಗಿಸಿದ. "ಸುಳ್ಳು ಹೆಂಗ ಹೇಳ್ಲಿ ಯವ್ವಾ? ಹ್ವಾದ ವರ್ಷ, ನೀ ಕೆಲಸಕ್ಕ ಹೋದಾಗ, ಮಗಳ ಹೆಸರು ಸೇರಿಸು ಅಂತ ನಾನಾ ಅವನ್ನ ಎತ್ತಿ ರಿಕ್ಷಾದಾಗ ಕೂಡಿಸಿ ರಿಜಿಸ್ಟರ್ ಆಫೀಸಿಗೆ ಒಯ್ದಿದ್ದೆ. ಬಾಗಲಾ ಮಟಾ ಬಂದು, ವಾಪಸ್ ನಡಿ ಅಂದ."

"ಯಾಕ?"

"ಮಗಂದು ಮಗಂಗ ಇರ್ಲಿ ಅಂದ. 'ಆಕಿ ಎಲ್ಲಿ ಹೋಗ್ತಾಳ? ಹೆಸರು ಬರದ್ರೂ ನನ್ನ ನೋಡ್ತಾಳ, ಬರೀದಿದ್ರೂ ನೋಡ್ತಾಳ' ಅಂದ."

ಮನೆಗೆ ಬಂದವಳೇ ಅಪ್ಪನ ಮಂಚವನ್ನು ದರದರ ಎಳೆದು ಅಂಗಳಕ್ಕೆ ಹಾಕಿದಳು. ಹಾಸಿಗೆ, ರಬ್ಬರ್ ಶೀಟು, ಧೋತರ ಎಲ್ಲ ಅದರ ಮೇಲೆ ಬಿದ್ದವು.

"ಎಲ್ಲಿ ಹೋಗ್ತಾಳ ಅಂದ್ಯಾ? ನಿನ್ನ ಮಗ ಒಂದು ದಿನರ ನಿನ್ನ ಮಗ್ಗಲಾ ತಿರುವ್ಯಾನೇನು?" ಸತ್ತವನನ್ನು ಅವಳು ಬೈಯುವುದನ್ನು ಕೇಳಿ ಓಣಿಯ ಜನ ಹೊರಗೆ ಬಂದು ನಿಂತರು. ಯಾರೂ ಹತ್ತಿರ ಸುಳಿಯಲಿಲ್ಲ. ಅವಳು ಎಲ್ಲರೆದುರೇ ಅಣ್ಣನಿಗೆ ಫೋನು ಹಚ್ಚಿದಳು. "ನಿಮ್ಮಪ್ಪನ ಮಂಚ ಅಂಗಳದಾಗ ಐತಿ, ಬಂದು ಒಯ್ಯಿ. ಎಲ್ಲಾ ನಿಂದ ಅಲ್ಲ?"

ಮಂಚ ಒಯ್ಯಲು ಮಾಂತೇಶ ಬರಲಿಲ್ಲ. ದ್ರಾಕ್ಷಾಯಿಣಿ ಮಡಗಾಂವಿನ ವಕೀಲೆಯ ಬಳಿಗೆ ಹೋದಳು. ಗೋವಾದ ಕಾಯ್ದೆಯಲ್ಲಿ ಅಪ್ಪ ತನ್ನ ಆಸ್ತಿಯ ಅರ್ಧವನ್ನಷ್ಟೇ ಮನಸ್ಸಿಗೆ ಬಂದವರಿಗೆ ಬರೆಯಬಹುದು, ಉಳಿದರ್ಧ ಮಕ್ಕಳಿಬ್ಬರಿಗೂ ಸಮ, ಕಟ್ಟಿಸಿದ ಖರ್ಚನ್ನೂ ಕೇಳಬಹುದು ಎಂದು ಆಕೆ ಕೊಂಕಣಿಯಲ್ಲಿ ಬಿಡಿಸಿ ಹೇಳಿದಳು. ಕೋರ್ಟಿಗೆ ಅಲೆದಾಟ ಶುರುವಾಯಿತು. ಕೊನೆಗೆ ಮಾಂತೇಶನೇ ದಣಿದು ರಾಜಿಗೆ ಬಂದ. ಹಿಂದಿನ ಕೋಣೆ, ಅಡುಗೆಮನೆ ಅವಳಿಗೆ, ಮುಂದಿನದು ಅವನಿಗೆ. ನಡುವೆ ಗೋಡೆ ಎದ್ದಿತು.

ಅಪ್ಪನ ತಿಥಿಯ ಹಿಂದಿನ ದಿನ ಹೆಂಡತಿಯೊಡನೆ ಬಂದಿದ್ದ ಮಾಂತೇಶ ಬಾಗಿಲಲ್ಲಿ ನಿಂತು ಕರೆದ. "ನಾಳೆ ಅಪ್ಪಗ ಎಡಿ ಇಡಬೇಕು. ನೀನೂ ಬಾ. ನಿನಗೂ ಪಾಲು ಬಂತಲ್ಲ, ಇನ್ನೇನು ಸಿಟ್ಟು?"

"ಪಾಲು ಕೊಟ್ಟದ್ದು ಕಾಯ್ದೆ. ಅಪ್ಪ ಏನು ಕೊಟ್ಟ?"

ಮರುದಿನ ಅವಳು ಎಂದಿನಂತೆ ಕಾರ್ಖಾನೆಗೆ ಹೋದಳು. ಸಂಜೆ ಬಂದಾಗ ಗೋಡೆಯಾಚೆಯಿಂದ ಹೋಳಿಗೆಯ ವಾಸನೆ ಬರುತ್ತಿತ್ತು. ಅತ್ತಿಗೆ ಒಂದು ತಟ್ಟೆ ಮುಚ್ಚಿ ಹೊಸ್ತಿಲ ಮೇಲೆ ಇಟ್ಟು ಹೋಗಿದ್ದಳು. ದ್ರಾಕ್ಷಾಯಿಣಿ ಅದನ್ನು ಮುಟ್ಟದೆ ದಾಟಿ ಒಳಗೆ ಹೋಗಿ, ತನಗೊಬ್ಬಳಿಗೆ ಅನ್ನಕ್ಕಿಟ್ಟಳು.