ಜೆರ್ಸಿ ಹಾಕಿದವನ ಮಾತು

ಬಿದಿರಿಗೆ ಹಗ್ಗ ಬಿಗಿಯುತ್ತಿದ್ದ ಕುಶಲ್‌ನ ಕೈಯಿಂದ ಗಂಟು ಮೂರನೆಯ ಸಲ ಜಾರಿತು.

"ಎಂತ ಮಾರಾಯ, ಚಟ್ಟ ಕಟ್ಟುವುದಾ, ತೊಟ್ಟಿಲು ಕಟ್ಟುವುದಾ? ಸರಿ ಎಳಿ," ಎಂದು ಪುರಂದರಣ್ಣ ಗದರಿದ. ಇಪ್ಪತ್ತು ವರ್ಷದ ಹಿಂದೆ ಕಾಲೇಜಿನ ಕಬಡ್ಡಿ ತಂಡದಲ್ಲಿ ಆಡಿದವನು. ಈಗ ಬೋವಿಕಾನ ಪೇಟೆಯಲ್ಲಿ ಹಾರ್ಡ್‌ವೇರ್ ಅಂಗಡಿ. ಚಾವಡಿಯಲ್ಲಿ ಮಲಗಿಸಿದ್ದು ಅವನಿಗೂ ಕುಶಲ್‌ಗೂ ಆಟ ಕಲಿಸಿದ ಹರಿನಾಥ ಸರ್ ಅವರನ್ನು. ನಿನ್ನೆ ಸಂಜೆ ಗ್ರೌಂಡಿಗೆ ಸುಣ್ಣದ ಗೆರೆ ಎಳೆಯುತ್ತಿದ್ದಾಗ ಎದೆ ಹಿಡಿದು ಕೂತವರು ಮತ್ತೆ ಏಳಲಿಲ್ಲ.

ಕುಶಲ್ ಈಗಿನ ಕ್ಯಾಪ್ಟನ್. ಎದುರಿನ ಏಳು ಮಂದಿಯ ನಡುವೆ ಒಬ್ಬನೇ ನುಗ್ಗುವ ಶೂರ! ಅಂಥವನಿಗೆ ಇವತ್ತು ಸತ್ತವರ ಹೆದರಿಕೆ. ಸಾಯುವ ಮೊದಲು ಸರ್ ಯಾರಲ್ಲಾದರೂ ಎಂತಾದರೂ ಹೇಳಿದ್ದಾರಾ? ಹೇಳಿದ್ದರೆ ಕ್ಯಾಪ್ಟನ್‌ಗಿರಿ ಹೋಯಿತು, ಯೂನಿವರ್ಸಿಟಿ ತಂಡ ಹೋಯಿತು, ಸ್ಪೋರ್ಟ್ಸ್ ಕೋಟಾದಲ್ಲಿ ಸಿಗಬೇಕಾದ ಕೆಲಸವೂ ಹೋಯಿತು.

"ನನ್ನನ್ನು ಫೈನಲ್‌ಗೇ ಇಳಿಸದ ಜನ ಈ ಸರ್," ಪುರಂದರಣ್ಣ ಅಂಗಳದಲ್ಲಿ ಕೂತವರಿಗೆ ಹೇಳುತ್ತಿದ್ದ. "ಬಸ್ಸಿನ ಕಂಡಕ್ಟರಿಗೆ ಬಾಯಿಗೆ ಬಂದ ಹಾಗೆ ಬೈದಿದ್ದೆ, ಅದಕ್ಕೆ. ಬೇರೆ ಮಕ್ಕಳು ಬೈದರೆ ಅವರ ಹೆಸರು ಕೆಡುವುದು, ಜೆರ್ಸಿ ಹಾಕಿದವ ಬೈದರೆ ಕಾಲೇಜಿನದ್ದೇ ಕೆಡುವುದು ಅಂದರು. ಸೋತೆವು ನೋಡಿ! ಆಗ ಅವರಿಗೆ ಶಾಪ ಹಾಕಿದ್ದೇನೆ. ದಿನಾ ಮೊಟ್ಟೆ ಬೇಯಿಸಿ ಡಬ್ಬಿಯಲ್ಲಿ ತಂದು ತಿನ್ನಿಸಿದವರೂ ಇವರೇ." ಅಷ್ಟು ಹೇಳಿ ಅವನು ಮತ್ತೆ ಹಗ್ಗ ಎಳೆಯತೊಡಗಿದ.

*

ಗುರುವಾರ ಅಭ್ಯಾಸಕ್ಕೆ ತಡವಾಗಿ ಬಂದ ಹೊಸ ಹುಡುಗ ತುಷಾರ್‌ಗೆ, ಎಲ್ಲರೂ ಹೋದ ಮೇಲೆ, ಶೆಡ್ಡಿನ ಹಿಂದೆ ಕುಶಲ್ ಎಡ ಕಪಾಳಕ್ಕೆ ಒಂದು ಬಾರಿಸಿದ್ದ. ಮರುದಿನ ಸರ್ ಕರೆದರು.

"ನೀನು ಹೊಡೆದೆ ಅಂತಾನೆ ತುಷಾರ್. ಹೌದಾ?"

"ಇಲ್ಲ ಸರ್."

"ನನ್ನ ಮುಖ ನೋಡಿ ಹೇಳು."

ನೋಡಿಯೇ ಹೇಳಿದ. ಸರ್ ಅವನನ್ನೇ ನೋಡಿ, "ಆಯಿತು, ಹೋಗು," ಎಂದರು. ನಂಬಿದರೋ ಇಲ್ಲವೋ ಕುಶಲ್‌ಗೆ ತಿಳಿಯಲಿಲ್ಲ. ಆ ರಾತ್ರಿ ನಿದ್ದೆ ಹತ್ತಲಿಲ್ಲ. ಮರುದಿನ ಸಂಜೆ ಸರ್ ಹೋದರು ಎಂದು ಫೋನ್ ಬಂದಾಗ ಮೊದಲು ಆದದ್ದು ನೆಮ್ಮದಿ. ಛೆ! ಅದನ್ನು ನೆನೆದರೆ ತನ್ನ ಮೇಲೆಯೇ ಹೇಸಿಗೆ.

*

"ಕುಶಲ್, ಟೀಚರ್ ಕರೆಯುತ್ತಾರೆ," ಎಂದು ಚಾವಡಿಯಿಂದ ಯಾರೋ ಕೂಗಿದರು.

ಸರ್ ಹೆಂಡತಿ ಅಮ್ಮಣ್ಣಿ ಟೀಚರ್ ಹೆಣದ ತಲೆಯ ಬಳಿ ಕೂತಿದ್ದರು. ಮುಗಿಯಿತು ನನ್ನ ಕತೆ ಎಂದುಕೊಂಡ.

"ಮುಂದಿನ ಬದಿಗೆ ನೀನೇ ಹೆಗಲು ಕೊಡಬೇಕು ಮಗಾ," ಎಂದರು ಟೀಚರ್. "ನಿನ್ನೆಯೆಲ್ಲ ಅವರ ಬಾಯಲ್ಲಿ ನಿನ್ನ ಮಾತೇ. ಆ ತುಷಾರ್ ನಿನ್ನ ಮೇಲೆ ಸುಳ್ಳು ದೂರು ಹೇಳಿದನಂತೆ. ನನ್ನ ಕ್ಯಾಪ್ಟನ್ ಮುಖ ನೋಡಿ ಹೇಳಿದ್ದಾನೆ, ಇನ್ನು ಬೇರೆ ಸಾಕ್ಷಿ ಬೇಡ ಅಂದರು. ಆ ಹುಡುಗನನ್ನು ತಂಡದಿಂದ ತೆಗೆದು, ಪ್ರಿನ್ಸಿಪಾಲರಿಗೆ ಕಾಗದ ಕೊಟ್ಟೇ ಗ್ರೌಂಡಿಗೆ ಹೋದದ್ದು."

ಸರ್ ನಂಬಿದ್ದರು! ಇನ್ನು ಯಾರಿಗೂ ಗೊತ್ತಾಗುವುದಿಲ್ಲ. ಹೆದರಿಕೆ ಹೋಗಬೇಕಿತ್ತು, ಹೋಗುವ ಬದಲು ಇನ್ನೂ ದೊಡ್ಡದಾಯಿತು. ಹೆಣದ ಮುಖ ನೋಡಲು ಅವನಿಗೆ ಆಗಲಿಲ್ಲ.

ಹೆಣವನ್ನು ಚಟ್ಟಕ್ಕೆ ತಂದು ಮಲಗಿಸಿದರು. ಎತ್ತಲು ಬಂದ ಹುಡುಗರ ಜೊತೆ ತುಷಾರ್ ಕೂಡ ಬಂದ. ಪುರಂದರಣ್ಣ ಅಡ್ಡ ಕೈ ಹಿಡಿದ. "ನೀನು ಮುಟ್ಟುವುದು ಬೇಡ. ಟೀಚರ್ ಎಲ್ಲ ಹೇಳಿದ್ದಾರೆ, ಕಡೇ ದಿವಸ ಅವರ ಮನಸ್ಸು ನೋಯಿಸಿದವ ನೀನು."

ತುಷಾರ್ ಬೇಲಿಯ ಹತ್ತಿರ ಹೋಗಿ ಅಳುತ್ತ ನಿಂತ.

ಬಿದಿರಿಗೆ ಕೈ ಹಾಕಿದ್ದ ಕುಶಲ್ ಬಿಟ್ಟು ಎದ್ದ. ಬೇಲಿಯ ಬಳಿ ಹೋಗಿ ತುಷಾರ್‌ನ ಎಡಬದಿಗೆ ನಿಂತು, ಯಾರಿಗೂ ಕೇಳದ ಹಾಗೆ ಪಿಸುಗುಟ್ಟಿದ: "ತಪ್ಪಾಯಿತು. ನಾನು ಸರ್ ಹತ್ತಿರ ಸುಳ್ಳು ಹೇಳಿದೆ."

ತುಷಾರ್ ತಿರುಗಿಯೂ ನೋಡಲಿಲ್ಲ. ಭುಜ ಮುಟ್ಟಿದಾಗ ಬೆಚ್ಚಿದ.

"ಆ ಬದಿಯ ಕಿವಿ ಕೇಳುವುದಿಲ್ಲ ಕುಶಲಣ್ಣ, ಗುರುವಾರದಿಂದ. ಸ್ವಲ್ಪ ಜೋರು ಹೇಳಿ."

ಕುಶಲ್ ತನ್ನ ಬಲಗೈ ನೋಡಿಕೊಂಡ. ಅಂಗಳದಲ್ಲಿ ಎಲ್ಲರೂ ಇತ್ತಲೇ ನೋಡುತ್ತಿದ್ದರು. ಟೀಚರ್ ಬಾಗಿಲಿಗೆ ಬಂದು ನಿಂತಿದ್ದರು.

ಅದೇ ಮಾತನ್ನು ಅವನು ಜೋರಾಗಿ ಹೇಳಿದ.

ಬಗ್ಗಿ ಬಿದಿರು ಹಿಡಿದಿದ್ದ ಮೂವರು ಹಾಗೆಯೇ ಇದ್ದರು. ಕುಶಲ್ ಬಿಟ್ಟು ಬಂದ ನಾಲ್ಕನೆಯ ಮೂಲೆಗೆ ಯಾರೂ ಕೈ ಹಾಕಲಿಲ್ಲ.