ಖಾಲಿ ಟ್ಯೂಬಿನಲ್ಲಿ ಪಚ್ಚಿಲೆ

ಪರದೆಯ ಮೇಲಿನ ಗೆರೆ ನೆಲಕ್ಕಂಟಿಕೊಂಡೇ ಸಾಗಿ, ನಡುವೆ ಒಮ್ಮೆಲೇ ಗುಡ್ಡದ ಹಾಗೆ ಎದ್ದು, ಮತ್ತೆ ನೆಲಕ್ಕಿಳಿಯಿತು. ಸುನ್ನಿವಾ ಕುರ್ಚಿಯನ್ನು ಹಿಂದಕ್ಕೆ ತಳ್ಳಿ, "ಥೂ, ಮತ್ತೆ ಬಂತಲ್ಲ" ಎಂದಳು.

ಗುಡ್ಡ ಏಳಬೇಕಾದದ್ದು ಉಳಿದ ಟ್ಯೂಬುಗಳಲ್ಲಿ. ಇದು ಖಾಲಿ ಟ್ಯೂಬು. ಇದಕ್ಕೆ ಅವಳು ಮೀನಿನ ಡಿಎನ್ಎ ಹಾಕಿರಲಿಲ್ಲ, ಬರೀ ನೀರು ಹಾಕಿದ್ದಳು. ಉಳಿದವಕ್ಕೆ ಮಾಡಿದ ಎಲ್ಲ ಉಪಚಾರವನ್ನೂ ಇದಕ್ಕೂ ಮಾಡಿ, ಕೊನೆಗೆ ಏನೂ ಕಾಣದಿದ್ದರೆ ಕೈ ಶುದ್ಧವಾಗಿದೆ ಎಂದು ಲೆಕ್ಕ. ನೀರಿನಲ್ಲೇ ಗುಡ್ಡ ಎದ್ದಿತೆಂದರೆ ಎಲ್ಲಿಂದಲೋ ಬೇರೆ ಯಾವುದೋ ಜೀವಿಯ ಡಿಎನ್ಎ ಒಳಗೆ ನುಗ್ಗಿದೆ ಎಂದೇ ಅರ್ಥ.

ಬರ್ಗೆನ್ ಬಂದರಿನ ಅಂಚಿನಲ್ಲಿದ್ದ ಆ ಪ್ರಯೋಗಾಲಯದಲ್ಲಿ ಅವಳ ಕೆಲಸ ಹಳೆಯ ಸಾಲ್ಮನ್ ಮೀನುಗಳ ಹುರುಪೆಗಳ ಮೇಲೆ. ಬೆಟ್ಟಗಳ ನಡುವೆ ಒಳನುಗ್ಗಿದ ಕಡಲ ಚಾಚಾದ ಫಿಯೋರ್ಡಿನ ಒಳತುದಿಯ ನದಿಯೊಂದಕ್ಕೆ ಅಣೆಕಟ್ಟು ಬರುವ ಮೊದಲು, ಅಲ್ಲಿ ಗಾಳ ಹಾಕುತ್ತಿದ್ದವರು ತಾವು ಹಿಡಿದ ಮೀನಿನಿಂದ ಒಂದೆರಡು ಹುರುಪೆ ಕಿತ್ತು ಪುಟ್ಟ ಕಾಗದದ ಪೊಟ್ಟಣಗಳಲ್ಲಿ ಒಣಗಿಸಿ ಇಡುತ್ತಿದ್ದರು. ಆಮೇಲೆ ನದಿ ಸೊರಗಿತು, ಆ ಮೀನಿನ ಕುಲವೂ ಅಳಿಯಿತು, ಪೊಟ್ಟಣಗಳು ಮಾತ್ರ ಉಳಿದವು. ಒಂದು ಹುರುಪೆಯನ್ನು ಒಮ್ಮೆ ಕರಗಿಸಿದರೆ ಮುಗಿಯಿತು. ಆ ಮೀನನ್ನು ಮತ್ತೆ ಏನನ್ನೂ ಕೇಳಲು ಆಗುವುದಿಲ್ಲ.

ಕೇಳುವ ಬಗೆಯೂ ನಾಜೂಕಿನದು. ಡಿಎನ್ಎಯ ನಾಲ್ಕು ಅಕ್ಷರಗಳಲ್ಲಿ ಒಂದಾದ 'ಸಿ'ಯ ತಲೆಯ ಮೇಲೆ ಅಲ್ಲಲ್ಲಿ ಪುಟ್ಟ ಟೊಪ್ಪಿ ಇರುತ್ತದೆ. ಮೀನು ಬೆಳೆದ ನೀರು ಬೆಚ್ಚಗಿತ್ತೇ, ಕೊರೆಯುತ್ತಿತ್ತೇ ಎಂಬುದು ಆ ಟೊಪ್ಪಿಗಳಲ್ಲಿ ಅಷ್ಟಿಷ್ಟು ಗುರುತು ಬಿಟ್ಟಿರುತ್ತದೆ. ಬೈಸಲ್ಫೈಟ್ ಎಂಬ ರಾಸಾಯನಿಕದಲ್ಲಿ ಡಿಎನ್ಎಯನ್ನು ನೆನೆಸಿ ಕಾಯಿಸಿದರೆ, ಟೊಪ್ಪಿಯಿಲ್ಲದ 'ಸಿ'ಗಳೆಲ್ಲ ವೇಷ ಬದಲಿಸಿ ಕೊನೆಗೆ 'ಟಿ' ಎಂದು ಓದಿಸಿಕೊಳ್ಳುತ್ತವೆ. ಟೊಪ್ಪಿ ಇದ್ದವು 'ಸಿ'ಗಳಾಗಿಯೇ ಉಳಿಯುತ್ತವೆ. ಆದರೆ ಆ ಸ್ನಾನದಲ್ಲಿ ಡಿಎನ್ಎ ಚೂರುಚೂರಾಗಿ, ಇದ್ದ ಅಲ್ಪವೂ ಮತ್ತಷ್ಟು ಅಲ್ಪವಾಗುತ್ತದೆ. ಅಂಥ ಬಡಕಲು ಡಿಎನ್ಎಯ ನಡುವೆ ಹೊರಗಿನದು ಒಂದು ಕಣ ಬಿದ್ದರೂ ಸಾಕು, ಪಂಕ್ತಿಯಲ್ಲಿ ಕೂತವರ ಊಟವನ್ನೆಲ್ಲ ಅದೇ ಉಂಡುಬಿಡುತ್ತದೆ.

ಖಾಲಿ ಟ್ಯೂಬಿನಲ್ಲಿ ಇದ್ದದ್ದು ಯಾರು ಎಂದು ತಿಳಿಯಲು ಸುನ್ನಿವಾ ಅದನ್ನೇ ಡಿಎನ್ಎಯ ಅಕ್ಷರ ಓದುವ ಯಂತ್ರಕ್ಕೆ ಕೊಟ್ಟಳು. ಉತ್ತರ ಬಂದಾಗ ಅವಳಿಗೆ ನಗು ಬಂತು.

"ಪಚ್ಚಿಲೆನಾ?" ತಂಡದ ಮುಖ್ಯಸ್ಥೆ ಗುನ್ವೋರ್ ಕನ್ನಡಕವನ್ನು ಹಣೆಗೇರಿಸಿ ಕೇಳಿದಳು. "ಬಂಡೆಗೆ ಅಂಟ್ಕೊಂಡಿರುತ್ತಲ್ಲ, ಆ ಕಪ್ಪು ಚಿಪ್ಪಿನ ಜೀವಿನಾ?"

"ಹೂಂ. ಅದೇ."

"ನಮ್ಮ ಲ್ಯಾಬಲ್ಲಿ ಪಚ್ಚಿಲೆ ಅರೆಯೋನು ಒಬ್ನೇ."

ಆ ಒಬ್ಬನ ಹೆಸರು ಟೋರ್ಗೈರ್. ನಿವೃತ್ತಿಯ ಹೊಸ್ತಿಲಲ್ಲಿದ್ದ ವಿಜ್ಞಾನಿ. ಕಿಟಕಿಯ ಪಕ್ಕದಲ್ಲಿ ಕಡಲ ನೀರಿನ ಗಾಜಿನ ತೊಟ್ಟಿ ಇಟ್ಟುಕೊಂಡು, ತನ್ನದೇ ಪುಟ್ಟ ದೋಣಿಯಲ್ಲಿ ಹೋಗಿ ಆರಿಸಿ ತಂದ ಪಚ್ಚಿಲೆಗಳನ್ನು ಸಂಶೋಧನೆಗೆಂದು ಅದರಲ್ಲಿ ಸಾಕುತ್ತಿದ್ದ. ಸುನ್ನಿವಾ ವಿದ್ಯಾರ್ಥಿನಿಯಾಗಿ ಬಂದಾಗ ಹನಿ ಅಳೆದು ಬಿಡುವ ಪಿಪೆಟ್ ಹಿಡಿಯಲು ಕಲಿಸಿದವನೂ ಅವನೇ. "ಹೆಬ್ಬೆರಳು ಮೆತ್ತಗೆ ಬಿಡು, ಮಾರಾಯ್ತಿ. ನೀನು ಹಾಲು ಕರೀತಿಲ್ಲ" ಎಂದು ಮೊದಲ ದಿನವೇ ಗದರಿದ್ದ. ಅಂದಿನಿಂದ ಇಬ್ಬರ ಮಧ್ಯಾಹ್ನದ ಬುತ್ತಿ ಒಂದೇ ಮೇಜಿನಲ್ಲಿ.

ಗುನ್ವೋರ್ ಸುತ್ತಿ ಬಳಸುವವಳಲ್ಲ. ಮರುದಿನ ಊಟದ ಮೇಜಿನಲ್ಲೇ ವಿಷಯ ಎತ್ತಿದಳು. ಟೋರ್ಗೈರ್ ಕೈಯಲ್ಲಿದ್ದ ಬ್ರೆಡ್ಡನ್ನು ಕೆಳಗಿಟ್ಟ.

"ನನ್ನ ಪಚ್ಚಿಲೆ ಬಾಯಿ ಬಿಟ್ರೆ ಇವಳ ಟ್ಯೂಬಿನ ತನಕ ಕೇಳಿಸ್ತದಾ?"

"ತಮಾಷೆ ಬೇಡ ಟೋರ್ಗೈರ್. ನೀನು ಒಣಗಿಸಿ ಅರೆಯೋವಾಗ ಪುಡಿ ಹಾರುತ್ತೆ. ಕಣ್ಣಿಗೆ ಕಾಣೋವಷ್ಟೇ ಹಾರಬೇಕು ಅಂತಿಲ್ಲ."

"ನಾನು ಮುಚ್ಚಿದ ಪೆಟ್ಟಿಗೆಯೊಳಗೆ ಅರೆಯೋದು."

"ಗೊತ್ತು. ಆದ್ರೂ ಆ ಹುರುಪೆ ಇನ್ನೊಂದು ಸಲ ಸಿಗಲ್ಲ. ಸ್ವಲ್ಪ ದಿನ ಕೆಳಗೆ ನೆಲಮಾಳಿಗೆಗೆ ಹೋಗ್ತೀಯಾ? ಇದು ಬಗೆಹರಿಯೋ ತನಕ ಅಷ್ಟೇ."

ಟೋರ್ಗೈರ್ ಸುನ್ನಿವಾಳ ಕಡೆ ನೋಡಿದ. ಅವಳು ಕಂದು ಚೀಸಿನ ಗಟ್ಟಿಯಿಂದ ತೆಳ್ಳಗೆ ಒಂದು ಪದರ ಹೆರೆದಳು. ಅದು ಬ್ರೆಡ್ಡಿನ ಮೇಲೆ ಸರಿಯಾಗಿ ಕೂತಿದ್ದರೂ ಚಾಕುವಿನಿಂದ ಅದನ್ನು ಅತ್ತಿತ್ತ ಸರಿಸುತ್ತ ಕೂತಳು.

"ಸರಿ, ಹೋಗ್ತೇನೆ" ಎಂದ ಟೋರ್ಗೈರ್. "ಅಲ್ಲಿ ಫ್ರೀಜರುಗಳಿದ್ದಾವೆ. ಮಾತಾಡಲಿಕ್ಕೆ ಒಳ್ಳೆ ಜೊತೆ."

ಅಂದೇ ಮಧ್ಯಾಹ್ನ ತೊಟ್ಟಿ ಕೆಳಗಿಳಿಯಿತು. ಬಾಗಿಲು ಮುಚ್ಚಿಕೊಳ್ಳದಂತೆ ಹಿಡಿದು ನಿಂತದ್ದಷ್ಟೇ ಸುನ್ನಿವಾ ಮಾಡಿದ ಸಹಾಯ. ತೊಟ್ಟಿ ಇದ್ದ ಜಾಗದಲ್ಲಿ ಮೇಜಿನ ಮೇಲೆ ಉಪ್ಪಿನ ಚೌಕದ ಗೆರೆಯೊಂದು ಉಳಿದಿತ್ತು. ಅವಳು ಅದನ್ನು ಬ್ಲೀಚಿನಲ್ಲಿ ಒರೆಸಿದಳು. ಮೇಜು, ಕಪಾಟಿನ ಹಿಡಿ, ಪಿಪೆಟ್ಟುಗಳ ಕತ್ತು, ನಲ್ಲಿ, ಎಲ್ಲ ಒರೆಸಿದಳು. ಅಡುಗೆಕೋಣೆಗೆ ಊಟಕ್ಕೆ ಹೋದರೆ ಎದುರಿನ ಕುರ್ಚಿ ಖಾಲಿ. ಟೋರ್ಗೈರ್ ತನ್ನ ಬುತ್ತಿಯನ್ನು ಕೆಳಗೇ ತಿನ್ನುತ್ತಾನೆ, ಬಟ್ಟೆಯಲ್ಲಿ ಏನಾದರೂ ಅಂಟಿಕೊಂಡು ಮೇಲೆ ಬಂದೀತು ಎಂದು ತಾನಾಗಿಯೇ ಬರುತ್ತಿಲ್ಲ ಎಂದು ಯಾರೋ ಹೇಳಿದರು. ಅವಳಿಗೆ ಅರ್ಧ ಬ್ರೆಡ್ಡು ಉಳಿಯಿತು.

ಅಷ್ಟೆಲ್ಲ ಮಾಡಿ ಹೊಸದಾಗಿ ಖಾಲಿ ಟ್ಯೂಬು ಇಟ್ಟರೆ ಗುಡ್ಡ ಅಲ್ಲೇ ಇತ್ತು. ಒಂದು ಕೂದಲೆಳೆಯಷ್ಟೂ ತಗ್ಗಿರಲಿಲ್ಲ.

"ಹಳೇ ಪುಡಿ ಸಂದಿಗೊಂದಿಲಿ ಇರುತ್ತೆ. ಇನ್ನೊಂದ್ಸಲ ಒರೆಸು" ಎಂದಳು ಗುನ್ವೋರ್.

ಸುನ್ನಿವಾ ಒರೆಸಲಿಲ್ಲ. ಪುಡಿ ಕಾರಣವಾಗಿದ್ದರೆ ಇಷ್ಟು ತೊಳೆದ ಮೇಲೆ ಸ್ವಲ್ಪವಾದರೂ ಇಳಿಯಬೇಕಿತ್ತಲ್ಲ ಎಂಬುದು ಅವಳ ತಲೆಯಲ್ಲಿ ಕೊರೆಯತೊಡಗಿತು. ಇದುವರೆಗೆ ಅವಳು ಯಂತ್ರ ಕೊಟ್ಟ ಹೆಸರನ್ನು ನೋಡಿದ್ದಳೇ ಹೊರತು ಅಕ್ಷರಗಳನ್ನು ನೋಡಿರಲಿಲ್ಲ. ಈಗ ಬಾಗಿಲು ಮುಂದೆ ಮಾಡಿಕೊಂಡು ಕೂತು, ಪಚ್ಚಿಲೆಯ ತುಣುಕುಗಳನ್ನು ಒಂದೊಂದಾಗಿ ಪರದೆಯ ಮೇಲೆ ಬಿಡಿಸಿ ಹಾಕಿ ಓದಿದಳು.

ಸಾಲುಗಳ ತುಂಬ 'ಸಿ'. ಎಲ್ಲಿ ನೋಡಿದರೂ 'ಸಿ'. ಸಾಲ್ಮನ್‌ನ ಸಾಲುಗಳಲ್ಲಿ ಅವು ಹುಡುಕಿದರೂ ಸಿಗದಷ್ಟು ವಿರಳ, ಎಲ್ಲ 'ಟಿ'ಗಳಾಗಿ ಹೋಗಿದ್ದವು. ಇಲ್ಲಿ ಒಂದೂ ವೇಷ ಬದಲಿಸಿರಲಿಲ್ಲ. ಎಲ್ಲವಕ್ಕೂ ಟೊಪ್ಪಿ ಇತ್ತೇ? ಅಷ್ಟೊಂದು ಟೊಪ್ಪಿ ಯಾವ ಪ್ರಾಣಿಗೂ ಇರುವುದಿಲ್ಲ. ಅಂದರೆ ಈ ಡಿಎನ್ಎ ಬೈಸಲ್ಫೈಟಿನ ಸ್ನಾನವನ್ನೇ ಮಾಡಿಲ್ಲ. ಸ್ನಾನ ಮುಗಿದ ಮೇಲೆ ಒಳಗೆ ಬಂದದ್ದು.

ಸುನ್ನಿವಾ ಪರದೆಯಿಂದ ಕಣ್ಣು ಕಿತ್ತಳು. ಹುರುಪೆ ಕರಗಿಸುವುದು, ಸ್ನಾನಕ್ಕೆ ಇಡುವುದು ಟೋರ್ಗೈರ್ ಇದ್ದ ಆ ದೊಡ್ಡ ಕೋಣೆಯಲ್ಲಿ. ಅಲ್ಲಿಯ ಪುಡಿ ಬಿದ್ದಿದ್ದರೆ ಅದೂ ಮೀನಿನ ಜೊತೆ ನೆಂದು ಬದಲಾಗಬೇಕಿತ್ತು. ಸ್ನಾನದ ನಂತರದ ಕೆಲಸವೆಲ್ಲ ಓಣಿಯ ಆಚೆಯ ಪುಟ್ಟ ಕೋಣೆಯಲ್ಲಿ. ಆ ಕೋಣೆಗೆ ಟೋರ್ಗೈರ್ ಕಾಲಿಟ್ಟವನೇ ಅಲ್ಲ. ಅಲ್ಲಿಗೆ ಹೋಗುವವಳು ಅವಳೊಬ್ಬಳೇ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ, ಅವಳು ತನ್ನ ಉಣ್ಣೆ ಸ್ವೆಟರಿನ ತೋಳನ್ನು ಮೂಗಿಗೆ ಹಿಡಿದು ನೋಡಿದಳು. ಟೋರ್ಗೈರ್‌ನ ಮನೆಯಲ್ಲಿ ಎಷ್ಟೋ ಭಾನುವಾರ ಈರುಳ್ಳಿಸೊಪ್ಪು, ಕೆನೆ ಹಾಕಿ ಬೇಯಿಸಿದ ಪಚ್ಚಿಲೆ ತಿಂದಿದ್ದಳು. ಚಿಪ್ಪಿನಲ್ಲೇ ರಸ ಎತ್ತಿ ಹೀರಿದ್ದಳು. ಅವನು ಹೊತ್ತ ಅಪವಾದ ತನ್ನ ತೋಳಿನದೇ ಆಗಿದ್ದರೆ?

ಅವಳು ಮೆಟ್ಟಿಲಿಳಿದು ನೆಲಮಾಳಿಗೆಗೆ ಹೋದಳು.

ಟೋರ್ಗೈರ್ ಫ್ರೀಜರುಗಳ ನಡುವೆ ಎತ್ತರದ ಸ್ಟೂಲಿನ ಮೇಲೆ ಕೂತಿದ್ದ. ಟೋಪಿ ಹಾಕಿಕೊಂಡಿದ್ದ. ಅವಳನ್ನು ಕಂಡವನೇ ಕೈ ಅಡ್ಡ ಹಿಡಿದ.

"ಹತ್ರ ಬರಬೇಡ, ಮಾರಾಯ್ತಿ. ಪುಡಿ ಹಾರ್ತದೆ."

"ಸುಮ್ನಿರು. ನಿಂದಲ್ಲ ಅದು."

"ಏನು ನಂದಲ್ಲ?"

ಅವಳು ಹೇಳಿದಳು. 'ಸಿ'ಗಳ ವಿಷಯ, ಸ್ನಾನದ ವಿಷಯ, ಪುಟ್ಟ ಕೋಣೆಯ ವಿಷಯ. ಹೇಳುತ್ತ ಹೇಳುತ್ತ ಅವಳ ದನಿ ಸಣ್ಣದಾಯಿತು. "ಮೊನ್ನೆ ಮೇಜಿನ ಹತ್ರ ನಾನು ಒಂದು ಮಾತು ಆಡ್ಬೇಕಿತ್ತು. ಕಾದು ನೋಡೋಣ ಅನ್ನಬಹುದಿತ್ತು. ಚೀಸ್ ಹೆರೀತಾ ಕೂತೆ."

"ನೋಡಿದೆ. ಆ ಚೀಸಿಗೆ ಅಷ್ಟು ಮರ್ಯಾದೆ ಯಾರೂ ಕೊಟ್ಟಿರಲಿಲ್ಲ." ಅವನು ನಗಲಿಲ್ಲ, ಸಿಟ್ಟೂ ಮಾಡಲಿಲ್ಲ. ತೊಟ್ಟಿಯ ಕಡೆ ತಿರುಗಿ, "ಬೇಜಾರಾಗಿತ್ತು" ಎಂದ. "ಸುಳ್ಳು ಯಾಕೆ ಹೇಳ್ಲಿ. ಗುನ್ವೋರ್ ಹೇಳಿದ್ದಕ್ಕಲ್ಲ."

"ಗೊತ್ತು."

"ಹ್ಞೂಂ." ಅವನು ಇನ್ನೊಂದು ಸ್ಟೂಲನ್ನು ಕಾಲಿನಿಂದ ಅವಳತ್ತ ದೂಡಿದ. "ಕೂತ್ಕೋ. ಆ ಕೋಣೆಯೊಳಗೆ ಏನೇನು ಮಾಡ್ತೀ, ಮೊದಲಿಂದ ಹೇಳು. ಅಡುಗೆ ಹೇಳಿದ ಹಾಗೆ ಹೇಳು."

"ಸ್ನಾನ ಆದ್ಮೇಲೆ ಉಪ್ಪು ತೊಳೀಬೇಕು. ಆಲ್ಕೋಹಾಲ್ ಹಾಕ್ತೀನಿ, ಡಿಎನ್ಎ ತಳಕ್ಕೆ ಕೂರುತ್ತೆ. ಇರೋದೇ ಇಷ್ಟು ಅಲ್ವಾ, ಕೂತಿದ್ದು ಕಣ್ಣಿಗೇ ಕಾಣಲ್ಲ. ಅದಕ್ಕೆ ಜೊತೆಗೆ ಒಂದು ಹನಿ ಗ್ಲೈಕೋಜೆನ್ ಹಾಕ್ತೀನಿ. ಅದು ಬೆಳ್ಳಗೆ ಗಸಿ ಆಗಿ ಡಿಎನ್ಎನೂ ಎಳ್ಕೊಂಡು ಕೂರುತ್ತೆ. ಆಮೇಲೆ..."

"ನಿಲ್ಲು."

"ಏನು?"

"ಗ್ಲೈಕೋಜೆನ್ ಅಂದ್ಯಾ?"

"ಹೂಂ. ಒಂಥರಾ ಪಿಷ್ಟ ಅಷ್ಟೇ ಅದು. ಹೊಸ ಬಾಟ್ಲಿ, ಹೋದ ತಿಂಗಳು ತೆರೆದಿದ್ದು."

ಟೋರ್ಗೈರ್ ಟೋಪಿ ತೆಗೆದು ತೊಡೆಯ ಮೇಲೆ ಬಡಿದ. ಅವನ ಭುಜ ಕುಲುಕತೊಡಗಿತು. ನಗುತ್ತಿದ್ದಾನೆಂದು ಅವಳಿಗೆ ತಿಳಿಯಲು ತುಸು ಹೊತ್ತು ಹಿಡಿಯಿತು.

"ಶರತ್ಕಾಲದಲ್ಲಿ ಪಚ್ಚಿಲೆ ಯಾಕೆ ಸಿಹಿ ಇರ್ತದೆ ಹೇಳು. ನನ್ನ ಮನೆಯಲ್ಲಿ ತಟ್ಟೆ ನೆಕ್ಕಿ ತಿಂದಿದ್ದಿಯಲ್ಲ, ಹೇಳು!"

"ನಂಗೇನು ಗೊತ್ತು?"

"ಚಳಿಗಾಲಕ್ಕೆ ಅಂತ ಮೈ ತುಂಬ ಕೂಡಿ ಇಟ್ಕೊಳ್ತದೆ. ಏನನ್ನ? ಗ್ಲೈಕೋಜೆನ್ನನ್ನ! ನಿನ್ನ ಬಾಟ್ಲಿಯವರು ಅದನ್ನ ಆಕಾಶದಿಂದ ಇಳಿಸ್ತಾರೆ ಅಂತ ತಿಳ್ಕೊಂಡಿದ್ದಿಯಾ? ಎಷ್ಟೋ ಕಡೆ ತೆಗೆಯೋದೇ ಪಚ್ಚಿಲೆಯಿಂದ. ಚೆನ್ನಾಗಿ ಶುದ್ಧ ಮಾಡ್ಲಿಲ್ಲ ಅಂದ್ರೆ ಜೊತೆಗೆ ಅದರ ಡಿಎನ್ಎನೂ ಬರ್ತದೆ."

ಸುನ್ನಿವಾ ತನ್ನ ಹೆಬ್ಬೆರಳನ್ನೇ ನೋಡಿಕೊಂಡಳು. "ಅಂದ್ರೆ ನಾನೇ... ಪ್ರತಿ ಸಲ... ಕೈಯಾರೆ..."

"ಪಿಪೆಟ್ ಹಿಡಿದು, ಅಳತೆ ಮಾಡಿ, ಬಡಿಸಿದ್ದಿ. ಹೆಬ್ಬೆರಳು ಮೆತ್ತಗೆ ಬಿಟ್ಟೇ ಬಡಿಸಿದ್ದಿ. ಕಲಿಸಿದವನು ನಾನೇ ಅಲ್ವಾ!"

ಆಗ ಅವಳಿಗೂ ತಡೆಯಲಾಗಲಿಲ್ಲ. ಫ್ರೀಜರುಗಳ ಗುಂಯ್‌ಗುಡುವ ಸದ್ದಿನ ನಡುವೆ ಇಬ್ಬರೂ ಕಣ್ಣಲ್ಲಿ ನೀರು ಬರುವ ತನಕ ನಕ್ಕರು.

ನಕ್ಕದ್ದು ಪುರಾವೆಯಾಗುವುದಿಲ್ಲ. ಮರುದಿನ ಸುನ್ನಿವಾ ಖಾಲಿ ಟ್ಯೂಬುಗಳ ಸಾಲನ್ನೇ ಇಟ್ಟಳು. ಒಂದರಲ್ಲಿ ಎಲ್ಲವೂ ಎಂದಿನಂತೆ, ಒಂದರಲ್ಲಿ ಗ್ಲೈಕೋಜೆನ್ ಮಾತ್ರ ಇಲ್ಲ, ಮತ್ತೊಂದರಲ್ಲಿ ಅದರ ಬದಲು ಯಾವ ಪ್ರಾಣಿಯ ಸೋಂಕೂ ಇಲ್ಲದ, ಕಾರ್ಖಾನೆಯಲ್ಲೇ ಹುಟ್ಟಿದ ಬೇರೊಂದು ದ್ರವ. ಅದನ್ನು ಪಕ್ಕದ ಕಟ್ಟಡದಿಂದ ಕೇಳಿ ತಂದಿದ್ದಳು. ಎಂದಿಗಿಂತ ನಿಧಾನವಾಗಿ ಮಾಡಿದಳು. ಫಲಿತಾಂಶ ಬರುವ ಹೊತ್ತಿಗೆ ಟೋರ್ಗೈರ್‌ಗೂ ಗುನ್ವೋರ್‌ಗೂ ಹೇಳಿ ಕಳಿಸಿದಳು.

ಮೊದಲ ಟ್ಯೂಬಿನಲ್ಲಿ ಗುಡ್ಡ ಎದ್ದಿತು. ಎರಡನೆಯದರಲ್ಲಿ ಗೆರೆ ಎಡದಿಂದ ಹೊರಟು ಬಲಕ್ಕೆ ಮುಟ್ಟುವ ತನಕ ಎಲ್ಲಿಯೂ ತಲೆ ಎತ್ತಲಿಲ್ಲ. ಮೂರನೆಯದೂ ಹಾಗೆಯೇ, ಗಾಳಿಯಿಲ್ಲದ ಬೆಳಗಿನ ಫಿಯೋರ್ಡಿನಂತೆ ಮಲಗಿತ್ತು.

"ಏನೂ ಇಲ್ಲ" ಎಂದಳು ಸುನ್ನಿವಾ.

"ಏನೇನೂ ಇಲ್ಲ" ಎಂದ ಟೋರ್ಗೈರ್, ತೃಪ್ತಿಯಿಂದ, ಹೊಟ್ಟೆ ತುಂಬ ಉಂಡವನ ಹಾಗೆ.

ಗುನ್ವೋರ್ ಪರದೆಯನ್ನು ಬಹಳ ಹೊತ್ತು ನೋಡಿದಳು. 'ಸಿ'ಗಳ ಸಾಲನ್ನೂ ತೋರಿಸು ಎಂದು ಕೇಳಿ, ಬೆರಳಿಟ್ಟು ಓದಿದಳು. ಗ್ಲೈಕೋಜೆನ್ ಬಾಟಲಿಯನ್ನು ಎತ್ತಿ ಬೆಳಕಿಗೆ ಹಿಡಿದಳು. ಒಳಗಿದ್ದದ್ದು ನೀರಿನಷ್ಟೇ ತಿಳಿಯಾಗಿತ್ತು. ಅದನ್ನು ಕಸದ ಡಬ್ಬಿಗೆ ಹಾಕಿ, "ಸೋಮವಾರದಿಂದ ಹುರುಪೆ ಶುರು ಮಾಡು. ಹೊಸ ದ್ರವ ನಾನು ತರಿಸ್ತೀನಿ" ಎಂದಳು. ಬಾಗಿಲವರೆಗೆ ಹೋದವಳು ತಿರುಗಿದಳು. ಕಿವಿಯ ತುದಿ ಕೆಂಪಾಗಿತ್ತು.

"ಟೋರ್ಗೈರ್, ನಿನ್ನ ತೊಟ್ಟಿ ಎಷ್ಟು ಭಾರ ಇದೆ?"

"ನೀರು ಸಮೇತ ಅಂದ್ರೆ ಇಬ್ಬರು ಬೇಕು. ಯಾಕೆ?"

"ನಾನೊಂದು ಕಡೆ ಹಿಡೀತೀನಿ. ಅವತ್ತು ನಿನ್ನನ್ನ ವಿಚಾರಿಸೋಕೆ ಮುಂಚೆ ನಾನು ಅಕ್ಷರ ನೋಡ್ಬೇಕಿತ್ತು. ತಪ್ಪು ನಂದು."

"ಇನ್ನೊಂದು ಕಡೆ ನಾನು" ಎಂದಳು ಸುನ್ನಿವಾ.

"ಹಾಗಾದ್ರೆ ನಾನು ಬಾಗಿಲು ಹಿಡೀತೇನೆ" ಎಂದ ಟೋರ್ಗೈರ್. "ಅದು ಬಹಳ ಜವಾಬ್ದಾರಿಯ ಕೆಲಸ ಅಂತ ಕೇಳಿದ್ದೇನೆ."

"ಹೊಡೀತೀನಿ ನೋಡು" ಎಂದಳು ಸುನ್ನಿವಾ.

ಅರ್ಧ ನೀರನ್ನು ಬಕೆಟ್ಟಿಗೆ ಬಸಿದರೂ ತೊಟ್ಟಿ ಹೆಣಭಾರವಿತ್ತು. ಮೆಟ್ಟಿಲ ತಿರುವಿನಲ್ಲಿ ನೀರು ತುಳುಕಿ ಗುನ್ವೋರ್‌ಳ ಬಿಳಿ ಅಂಗಿಯ ಎದೆಯೆಲ್ಲ ಒದ್ದೆಯಾಯಿತು. ಅವಳು ಬೈದುಕೊಂಡಳು, ಆದರೆ ಕೈ ಬಿಡಲಿಲ್ಲ. ಮೇಲೆ ಬಂದು ಕಿಟಕಿಯ ಪಕ್ಕ ಇಳಿಸಿ, ನೀರು ಸುರಿದು, ಗಾಳಿಯ ಕೊಳವೆ ಸಿಕ್ಕಿಸಿ, ಮೂವರೂ ಏದುಸಿರು ಬಿಡುತ್ತ ನಿಂತರು. ಕುಲುಕಾಟಕ್ಕೆ ಪಚ್ಚಿಲೆಗಳೆಲ್ಲ ಬಿಗಿಯಾಗಿ ಮುಚ್ಚಿಕೊಂಡು ಕಪ್ಪು ಕಲ್ಲುಗಳಂತೆ ತಳದಲ್ಲಿ ಬಿದ್ದಿದ್ದವು. ಹೊರಗೆ ಮಳೆ ನಿಂತು, ಬಂದರಿನ ಮೇಲೆ ಬಿಸಿಲು ಬಿದ್ದಿತ್ತು.

ಯಾರೂ ಹೋಗುವ ಅವಸರ ಮಾಡಲಿಲ್ಲ. ನೀರು ತಿಳಿಯಾಗುತ್ತಿದ್ದಂತೆ ಅಂಚಿನಲ್ಲಿದ್ದ ಒಂದು ಚಿಪ್ಪು ಕೂದಲೆಳೆಯಷ್ಟು ಬಿರಿಯಿತು. ಒಳಗಿಂದ ನಾಲಿಗೆಯಂಥದ್ದೊಂದು ಮೆಲ್ಲಗೆ ಹೊರಬಂದು, ಗಾಜನ್ನು ಅಲ್ಲಿ ಇಲ್ಲಿ ತಡವಿ, ಒಂದು ಕಡೆ ಒತ್ತಿಕೊಂಡು ನಿಂತಿತು. ಅದು ಹಿಂದೆ ಸರಿದಾಗ ಗಾಜಿನ ಮೇಲೆ, ಪಚ್ಚಿಲೆ ತನ್ನನ್ನು ನೆಲೆಗೆ ಕಟ್ಟಿಕೊಳ್ಳುವ ನವಿರಾದ ಎಳೆಯೊಂದು ಅಂಟಿಕೊಂಡಿತ್ತು, ಬಿಸಿಲಿಗೆ ಮಿನುಗುತ್ತಿತ್ತು. ಮೂವರೂ ಬಗ್ಗಿ, ಅದು ಎರಡನೆಯ ಎಳೆ ಹಾಕುವುದನ್ನು ನೋಡುತ್ತ ನಿಂತರು.